ಹೊಳೆ ಇಳಿದ ಮೇಲೆ, ಬಲೆ ಬಿಡುವ ಮುನ್ನ: ಕೃಷ್ಣಾ ತೀರದ ಮೀನುಗಾರರಿಗೆ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನಿಗೆ ಮರಿಮಾಡಲು ಬಿಡುವು ಸಿಗುತ್ತದೆ. ಚಂಡಮಾರುತ ಬಡಿದು ಹೋದ ಮೇಲೂ ಅಲ್ಲಿಗೆ ಬೇರೆ ಕಡೆಯ ಮೀನು ಬಂದು ಸೇರುತ್ತದೆ, ಕಡಲಿಗೆ ಗೋಡೆಯಿಲ್ಲ. ನಮ್ಮ ಕೃಷ್ಣೆಗೆ ಗೋಡೆಗಳಿವೆ: ಹಿಪ್ಪರಗಿ ಬ್ಯಾರೇಜು, ಆಲಮಟ್ಟಿಯ 26 ಗೇಟು, ಅದರ ಕೆಳಗೆ ನಾರಾಯಣಪುರ. ಮಹಾಪೂರದಲ್ಲಿ ಗೇಟು ದಾಟಿ ಕೆಳಗೆ ಬಿದ್ದ ಮೀನು ತಿರುಗಿ ಹತ್ತಿ ಬರಲಾರದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ, 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಮನೆ, ಬೆಳೆ, ದನಕರುಗಳ ಜತೆ ಬಲೆ, ತೆಪ್ಪ, ಕೆರೆಯಲ್ಲಿ ಸಾಕಿದ ಮೀನೂ ಹೋದವು. ಹೊಳೆ ಇಳಿದ ಮೊದಲ ಮೂರು ತಿಂಗಳು ಆತುರಪಡದೆ ಕಳೆದರೆ ಮುಂದಿನ ಎರಡು ವರ್ಷದ ಮೀನು ಕೈಗೆ ಬರುತ್ತದೆ. ಆ ಮೂರು ತಿಂಗಳಲ್ಲಿ ಏನು ಮಾಡಬೇಕು, ಯಾವುದಕ್ಕೆ ಕೈ ಹಾಕಬಾರದು ಎಂಬುದು ಇಲ್ಲಿದೆ. ಮೀನುಗಾರರ ಸಹಕಾರ ಸಂಘದವರಿಗೂ ಒಂಟಿಯಾಗಿ ಬಲೆ ಬಿಡುವ ಮನೆಗಳಿಗೂ ಇದು ಅನ್ವಯಿಸುತ್ತದೆ.

ಮೊದಲ ದಿನಗಳು

ನೀರು ಇಳಿಯಿತೆಂದು ತೆಪ್ಪ ಇಳಿಸಬೇಡಿ. ಮೇಲಿನ ಅಣೆಕಟ್ಟೆಯ ಹೊರಹರಿವು ಎಷ್ಟಿದೆ ಎಂದು ಕೇಳಿ ತಿಳಿದುಕೊಳ್ಳಿ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಿಂದ ಬಿಟ್ಟ ನೀರು ನಮ್ಮ ದಂಡೆಗೆ ತಲುಪಲು ಹೊತ್ತು ಹಿಡಿಯುತ್ತದೆ, ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರಬಹುದು. ಜಿಲ್ಲಾ ತುರ್ತು ಸಂಖ್ಯೆ 1077. ದಂಡೆಯುದ್ದಕ್ಕೂ ರೈತರ ಪಂಪ್‌ಸೆಟ್ಟಿನ ವೈರು ಮಣ್ಣಿನಡಿ ಹೂತಿರುತ್ತದೆ. ಕರೆಂಟ್ ತೆಗೆಸಿದ್ದಾರೆಂದು ವಿದ್ಯುತ್ ಕಂಪನಿ ಹೆಸ್ಕಾಂನವರಿಂದ ಖಾತ್ರಿ ಆಗುವವರೆಗೆ (1912ಕ್ಕೆ ಕರೆ ಮಾಡಬಹುದು) ಬರಿಗಾಲಲ್ಲಿ ಕೆಸರಿಗೆ ಇಳಿಯಬಾರದು. ಮೊಸಳೆಗಳು ಸೆಳವಿಗೆ ಸಿಗದೆ ಹಳ್ಳ, ಹೊಲದ ಮಡುಗಳಿಗೆ ಬಂದು ಕೂತಿರುತ್ತವೆ. ಇಂಥ ಮಡುವಿನಲ್ಲಿ ಮೀನು ಕಂಡರೂ ಕೈಬಲೆ ಹಿಡಿದು ಇಳಿಯಬೇಡಿ.

ತೊಳೆಯುವ ಮೊದಲು ಫೋಟೊ

ಹರಿದ ಬಲೆಯನ್ನು ಸುಟ್ಟು, ಮುರಿದ ತೆಪ್ಪವನ್ನು ಒಲೆಗೆ ಹಾಕಿದ ಮೇಲೆ ಪಂಚನಾಮೆಗೆ ತೋರಿಸಲು ಏನೂ ಉಳಿಯುವುದಿಲ್ಲ. ಪರಿಹಾರ ಕೈತಪ್ಪುವುದು ಬಹುಪಾಲು ಇಲ್ಲಿಯೇ. ಮೊಬೈಲಿನಲ್ಲಿ ಸ್ಥಳ ಮತ್ತು ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ಬಲೆ ಹರಡಿದ್ದು ಒಂದು, ಪಕ್ಕದಲ್ಲಿ ಮಾಲೀಕರು ನಿಂತಿದ್ದು ಒಂದು, ತೆಪ್ಪದ ಒಳಗಿನದು, ಅಡಿಯದು. ಬಲೆ ಎಷ್ಟು ಕಿಲೊ, ಎಷ್ಟು ಮೀಟರ್, ಯಾವ ವರ್ಷ ಕೊಂಡದ್ದು ಎಂದು ಸಂಘದ ಪುಸ್ತಕದಲ್ಲಿ ಬರೆದು ಇಬ್ಬರ ಸಹಿ ಹಾಕಿಸಿ. ಗ್ರಾಮ ಆಡಳಿತಾಧಿಕಾರಿಗೂ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೂ ಅರ್ಜಿ ಕೊಟ್ಟು ಎರಡಕ್ಕೂ ಸ್ವೀಕೃತಿ ಪಡೆಯಿರಿ.

ರಾಜ್ಯ ವಿಪತ್ತು ಪರಿಹಾರ ನಿಧಿಯ 2022-26ರ ನಿಯಮದಲ್ಲಿ ಭಾಗಶಃ ಹಾಳಾದ ದೋಣಿಯ ರಿಪೇರಿಗೆ 6,000 ರೂಪಾಯಿ, ಬಲೆಯ ರಿಪೇರಿಗೆ 3,000, ಪೂರ್ತಿ ಹಾಳಾದ ದೋಣಿಗೆ 15,000, ಬಲೆಗೆ 4,000, ಮೀನುಮರಿ ಸಾಕಣೆ ಕೇಂದ್ರಕ್ಕೆ ಹೆಕ್ಟೇರಿಗೆ 10,000 ಎಂದಿದೆ. ಕೊಂಡ ಬೆಲೆಗೆ ಇದು ಸಾಲದು, ಆದರೂ ಬಿಡಬಾರದು. ಲೈಸೆನ್ಸ್ ಮಗನ ಹೆಸರಲ್ಲಿ, ಬ್ಯಾಂಕ್ ಖಾತೆ ತಂದೆಯ ಹೆಸರಲ್ಲಿ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಈ ಗಂಟನ್ನು ಮಳೆಗಾಲಕ್ಕೆ ಮುಂಚೆಯೇ ಬಿಡಿಸಿಕೊಳ್ಳಿ. ಮತ್ಸ್ಯ ಸಂಪದಾ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಮೀನುಗಾರ ತೀರಿಕೊಂಡರೆ ಅಥವಾ ಪೂರ್ತಿ ಅಂಗವಿಕಲನಾದರೆ 5 ಲಕ್ಷ ರೂಪಾಯಿ ಇದೆ. ಸಂಘದ ಎಲ್ಲ ಸದಸ್ಯರ ಹೆಸರೂ ಸೇರಿದೆಯೇ ನೋಡಿ.

ಬಲೆ, ತೆಪ್ಪ

ಕೆಸರು ಒಣಗಿ ಗಟ್ಟಿಯಾದರೆ ನೈಲಾನ್ ಎಳೆ ಗಂಟಿನ ಹತ್ತಿರ ಕತ್ತರಿಸುತ್ತದೆ. ಹಸಿ ಇರುವಾಗಲೇ ತಿಳಿನೀರಿನಲ್ಲಿ ಜಾಲಾಡಿ. ಜಾಲಿಮುಳ್ಳು, ಕಬ್ಬಿನ ರವದಿ (ಒಣ ಎಲೆ) ಸಿಕ್ಕಿದ್ದರೆ ಎಳೆಯದೆ ಕತ್ತರಿಯಿಂದ ಬಿಡಿಸಿ. ನೆರಳಲ್ಲಿ ಒಣಹಾಕಿ, ದಿನಗಟ್ಟಲೆ ಬಿಸಿಲಿಗೆ ಬಿಟ್ಟ ನೈಲಾನ್ ಶಕ್ತಿ ಕಳೆದುಕೊಳ್ಳುತ್ತದೆ. ಬಲೆಯ ನಾಲ್ಕೈದು ಕಡೆಯಿಂದ ಒಂದೊಂದು ಎಳೆ ಬೆರಳಿಗೆ ಸುತ್ತಿ ಜಗ್ಗಿ ನೋಡಿ. ಸುಲಭವಾಗಿ ಕಡಿದರೆ ಆ ಬಲೆಗೆ ತೇಪೆ ಹಾಕಿ ಪ್ರಯೋಜನವಿಲ್ಲ. ಬೆಂಡು, ಸೀಸದ ಗುಂಡು, ಹಗ್ಗ ಬಿಚ್ಚಿಟ್ಟುಕೊಳ್ಳಿ. ಎಳೆ ಗಟ್ಟಿಯಿದ್ದು ತೂತು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ರಿಪೇರಿ ಮಾಡುವುದು ಲಾಭ. ಅದೇ ನಂಬರಿನ ದಾರ, ಅದೇ ಅಳತೆಯ ಕಣ್ಣು ಇರಲಿ. ಅಳತೆಗೆ ಹತ್ತು ಕಣ್ಣುಗಳನ್ನು ಸೇರಿಸಿ ಬಿಗಿಯಾಗಿ ಎಳೆದು, ಗಂಟಿನಿಂದ ಗಂಟಿಗೆ ಅಳೆದು ಹತ್ತರಿಂದ ಭಾಗಿಸಿ.

ಬಿದಿರಿನ ತೆಪ್ಪ ವಾರಗಟ್ಟಲೆ ನೀರಲ್ಲಿ ಬಿದ್ದಿದ್ದರೆ ಮೊದಲು ಮುರಿಯುವುದು ತಳದಿಂದ ಅಂಚಿಗೆ ಬಾಗುವ ಜಾಗದಲ್ಲಿ. ಅಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಆ ದಬ್ಬೆ ಬದಲಿಸಿ. ಹೊಸ ದಬ್ಬೆಯನ್ನು ನೆನೆಸದೆ ಬಗ್ಗಿಸಿದರೆ ಸೀಳುತ್ತದೆ. ಸೋರುವ ಜಾಗ ಹುಡುಕಲು ತೆಪ್ಪವನ್ನು ನಾಲ್ಕು ಕಲ್ಲಿನ ಮೇಲಿಟ್ಟು ಒಳಗೆ ಐದಾರು ಕೊಡ ನೀರು ಸುರಿದು, ಅಡಿಯಲ್ಲಿ ತೊಟ್ಟಿಕ್ಕುವಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಹೊದಿಕೆ ಪೂರ್ತಿ ಒಣಗಿದ ಮೇಲೆ ಬಿಸಿ ಡಾಂಬರನ್ನು ತೆಳ್ಳಗೆ ಎರಡು ಸಲ ಬಳಿಯಿರಿ. ಹಸಿ ಮೇಲೆ ಬಳಿದ ಡಾಂಬರು ಮೊದಲ ವಾರದಲ್ಲೇ ಸಿಪ್ಪೆಯಂತೆ ಏಳುತ್ತದೆ.

ನೀರಿನಡಿ ಕಳೆದುಹೋದ ಬಲೆ ಸುಮ್ಮನಿರುವುದಿಲ್ಲ. ನೈಲಾನ್ ಕೊಳೆಯದು, ಯಾರೂ ಎತ್ತದ ಆ ಬಲೆ ತಿಂಗಳುಗಟ್ಟಲೆ ಮೀನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಸೆಳವು ನಿಂತ ಮೇಲೆ ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಗೆ 20-30 ಮೀಟರ್ ಹಗ್ಗ ಕಟ್ಟಿ ಎರಡು ತೆಪ್ಪದವರು ಜತೆಯಾಗಿ ನಿಧಾನಕ್ಕೆ ತಳ ಎಳೆಯಿರಿ. ಜಾಲಿಗಿಡ ಮುಳುಗಿದ ಕಡೆ, ಹಳೆಯ ಊರಿನ ಗೋಡೆಗಳ ಸುತ್ತ ಹೆಚ್ಚು ಸಿಗುತ್ತವೆ. ಭಾರ ಬಿದ್ದಾಗ ಹಗ್ಗವನ್ನು ತೆಪ್ಪಕ್ಕೆ ಕಟ್ಟಬೇಡಿ, ಕೈಯಲ್ಲೇ ಇರಲಿ. ತಳದಲ್ಲಿ ಸಿಕ್ಕಿಬಿದ್ದರೆ ಬಿಟ್ಟುಬಿಡಬಹುದು.

ಕಬ್ಬು ಕೊಳೆತ ನೀರು

ಕರಾವಳಿಯ ಬಿರುಗಾಳಿಯಲ್ಲಿ ಇಲ್ಲದ, ನಮ್ಮ ಭಾಗದಲ್ಲೇ ಇರುವ ಕೇಡು ಇದು. ಚಿಕ್ಕೋಡಿಯಿಂದ ಜಮಖಂಡಿ, ಮುಧೋಳದವರೆಗೆ ದಂಡೆಯ ಎರಡೂ ಕಡೆ ಕಬ್ಬು. ಅದು ಎಂಟು ಹತ್ತು ದಿನ ಮುಳುಗಿದರೆ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿನ್ನುತ್ತದೆ. ಆ ಕಪ್ಪು ನೀರು ಹೊಲದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿದಾಗ ಮೀನು ಬಾಯಿ ಮೇಲೆತ್ತಿ ಗುಟುಕರಿಸುತ್ತದೆ. ನಸುಕಿನಲ್ಲಿ ಇದು ಜಾಸ್ತಿ, ಏಕೆಂದರೆ ರಾತ್ರಿಯಿಡೀ ಪಾಚಿಯೂ ಆಮ್ಲಜನಕ ಬಳಸಿ ಸೂರ್ಯೋದಯದ ಮುಂಚೆ ಅದು ತೀರ ಕೆಳಗಿಳಿದಿರುತ್ತದೆ. ಹೀಗಾಗಿ ನೀರಿನ ಪರೀಕ್ಷೆ ಮಧ್ಯಾಹ್ನ ಮಾಡಿದರೆ ಸುಳ್ಳು ಉತ್ತರ ಸಿಗುತ್ತದೆ. ಬೆಳಗಿನ ಐದೂವರೆ, ಆರಕ್ಕೆ ಮಾಡಿ. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ಒಳ್ಳೆಯದು, 3ಕ್ಕಿಂತ ಕೆಳಗಿದ್ದರೆ ಮರಿ ಬಿಡುವ ಮಾತೇ ಬೇಡ. ಪರೀಕ್ಷಾ ಕಿಟ್ ಸಂಘಕ್ಕೊಂದು ಇರಲಿ.

ಕೆರೆಯಾದರೆ ರವದಿ, ಕಂಟಿ, ಸತ್ತ ಪ್ರಾಣಿಗಳನ್ನು ಎತ್ತಿ ಹೊರಹಾಕುವುದೇ ಮೊದಲ ಔಷಧ. ಡೀಸೆಲ್ ಪಂಪಿನಿಂದ ಕೆರೆಯ ನೀರನ್ನೇ ಎತ್ತಿ ಎತ್ತರದಿಂದ ಕೆರೆಗೇ ಚಿಮ್ಮಿಸಿದರೆ ಒಂದೆರಡು ರಾತ್ರಿಯ ಗಂಡಾಂತರ ದಾಟಬಹುದು. ಸುಣ್ಣದ ವಿಷಯದಲ್ಲಿ ಎಚ್ಚರ ಬೇಕು. ‘ಪ್ರವಾಹದ ನಂತರ ಸುಣ್ಣ ಹಾಕಿ’ ಎಂಬ ಸಲಹೆ ಹುಳಿಮಣ್ಣಿನ ಸೀಮೆಗೆ ಸರಿ. ಬಾಗಲಕೋಟೆ, ವಿಜಯಪುರದ ಎರೆನೆಲದ ಕೆರೆಗಳಲ್ಲಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಎಷ್ಟೋ ಸಲ 8 ದಾಟಿರುತ್ತದೆ. ಅಲ್ಲಿ ಅಳೆಯದೆ ಸುಣ್ಣ ಸುರಿದರೆ ಪಿಎಚ್ ಇನ್ನೂ ಏರಿ, ಕೊಳೆತದ್ದರಿಂದ ಹುಟ್ಟಿದ ಅಮೋನಿಯ ಹೆಚ್ಚು ವಿಷವಾಗುತ್ತದೆ. ಉಳಿದ ಮೀನೂ ಸಾಯುತ್ತದೆ. ಪಿಎಚ್ 7ಕ್ಕಿಂತ ಕೆಳಗಿದ್ದರೆ ಮಾತ್ರ ಸುಣ್ಣದ ಮಾತು. ಅನುಮಾನವಿದ್ದರೆ ವಿಜಯಪುರದ ಭೂತನಾಳದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಕೇಳಿ.

ನೆರೆ ಇಳಿದ ಎಷ್ಟೋ ದಿನದ ಮೇಲೆ ಒಮ್ಮೆಲೇ ಮೀನು ಸತ್ತು ತೇಲಿದರೆ ಅದು ಕಬ್ಬಿನ ಕೊಳೆಯೋ ಕಾರ್ಖಾನೆಯ ನೀರೋ ಎಂಬುದನ್ನು ಮಾದರಿಯೇ ಹೇಳಬೇಕು. ಒಂದು ಲೀಟರಿನ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿಗುಳ್ಳೆ ಉಳಿಯದಂತೆ ಮುಳುಗಿಸಿಯೇ ಮುಚ್ಚಳ ಹಾಕಿ. ಮೀನು ಸತ್ತ ಜಾಗದಲ್ಲಿ ಒಂದು, ಅದರ ಮೇಲ್ಗಡೆ ಒಂದು. ಈಗಷ್ಟೇ ಸಾಯುತ್ತಿರುವ ಎರಡು ಮೀನು ಮಂಜುಗಡ್ಡೆಯಲ್ಲಿಡಿ, ಕೊಳೆತದ್ದು ಪರೀಕ್ಷೆಗೆ ಬಾರದು. ಅಂದೇ ಮಾಲಿನ್ಯ ನಿಯಂತ್ರಣ ಮಂಡಳಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸಿ. ತೇಲಿದ ಮೀನನ್ನು ಸಂತೆಗೆ ಒಯ್ಯುವುದು ಬೇಡ.

ಚಳಿ ಶುರುವಾದಂತೆ ಮೈಮೇಲೆ ಕೆಂಪು ಹುಣ್ಣಿರುವ ಮೀನು ಕಾಣಬಹುದು. ಆ ಕೆರೆಯ ಬಲೆಯನ್ನು ತೊಳೆದು ಪೂರ್ತಿ ಒಣಗಿಸದೆ ಬೇರೆ ಕೆರೆಗೆ ಒಯ್ಯಬೇಡಿ, ಅಲ್ಲಿಯ ಮರಿಯನ್ನೂ ಎಲ್ಲಿಗೂ ಸಾಗಿಸಬೇಡಿ.

ನೀರಿನಲ್ಲಿ ಯಾವ ಮೀನಿದೆ

ಹತ್ತು ದಿನ ಪರೀಕ್ಷೆಗೆಂದು ಬಲೆ ಬಿಟ್ಟು, ಬೇರೆ ಬೇರೆ ಕಣ್ಣಿನ ಬಲೆಯಲ್ಲಿ ಏನು ಬಿತ್ತು, ಎಷ್ಟು ಉದ್ದ, ಎಷ್ಟು ತೂಕ ಎಂದು ಬರೆಯಿರಿ. ಒಡೆದ ಹೊಂಡಗಳಿಂದ ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್ ಹೊಳೆ ಸೇರಿರುವ ಸಾಧ್ಯತೆ ಇದೆ. ಆಫ್ರಿಕನ್ ಕ್ಯಾಟ್‌ಫಿಶ್ಶನ್ನು ಸಾಕುವುದಕ್ಕೇ ನಮ್ಮ ದೇಶದಲ್ಲಿ ನಿಷೇಧವಿದೆ. ಚಪ್ಪಟೆ ಗಟ್ಟಿ ತಲೆ, ಎಂಟು ಮೀಸೆ, ಬೆನ್ನುದ್ದಕ್ಕೂ ಮುಳ್ಳಿಲ್ಲದ ಒಂದೇ ರೆಕ್ಕೆ, ಬೂದುಬಣ್ಣದ ಮೈಮೇಲೆ ಕಪ್ಪು ಮಚ್ಚೆ. ಸಿಕ್ಕರೆ ತಿರುಗಿ ನೀರಿಗೆ ಬಿಡಬೇಡಿ, ಜೀವಂತ ಮಾರಬೇಡಿ, ಕೊಂದು ಇಲಾಖೆಗೆ ತಿಳಿಸಿ. ಅದು ನಾಟಿ ಮೀನಿನ ಮರಿಯನ್ನೆಲ್ಲ ತಿಂದು ಬೆಳೆಯುತ್ತದೆ.

ಕಾಟ್ಲಾ, ರೋಹು, ಮೃಗಾಲ ಮೊಟ್ಟೆ ಇಡುವುದು ಜುಲೈ, ಆಗಸ್ಟ್‌ನ ಹರಿವ ಹೊಸನೀರಿನಲ್ಲಿ. ನೆರೆಯಲ್ಲಿ ತಾಯಿಮೀನು ಸೆಳವಿಗೆ ಎದುರಾಗಿ ಹೋಗಿ ಬ್ಯಾರೇಜಿನ ಬುಡದಲ್ಲಿ ಗುಂಪುಗೂಡುತ್ತದೆ. ಅಲ್ಲಿ ಒಂದು ರಾತ್ರಿ ಬಲೆ ಬೀಸಿದರೆ ಕ್ವಿಂಟಲ್‌ಗಟ್ಟಲೆ ಸಿಗುತ್ತದೆ ನಿಜ, ಅಷ್ಟೂ ಹೊಟ್ಟೆತುಂಬ ಮೊಟ್ಟೆಯಿರುವವು. ಸಂಘ ಮೊದಲು ಕಾವಲು ಹಾಕಬೇಕಾದ್ದು ಬ್ಯಾರೇಜಿನ ಬುಡಕ್ಕೆ.

ಮರಿ ಬಿಡುವುದು

ಗೇಟು ತೆರೆದಿರುವಾಗ ಬಿಟ್ಟ ಮರಿ ನೀರಿನ ಜತೆಯೇ ಹೊರಟುಹೋಗುತ್ತದೆ. ಗೇಟು ಮುಚ್ಚಿ, ನೀರು ತಿಳಿಯಾಗುವ ಹೊತ್ತಿಗೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆಗಿರುತ್ತದೆ, ಅದೇ ಸರಿಯಾದ ಕಾಲ. 1,000 ಹೆಕ್ಟೇರಿಗಿಂತ ಸಣ್ಣ ಜಲಾಶಯಕ್ಕೆ ಹೆಕ್ಟೇರಿಗೆ 2,000 ಮರಿ, 5,000 ಹೆಕ್ಟೇರ್‌ವರೆಗಿನದಕ್ಕೆ 1,000, ಅದಕ್ಕಿಂತ ದೊಡ್ಡದಕ್ಕೆ 500 ಎಂಬ ಲೆಕ್ಕವಿದೆ. ಹೆಕ್ಟೇರನ್ನು ಕೆರೆ ತುಂಬಿ ತುಳುಕುವಾಗಿನ ಹರವಿನಿಂದ ಎಣಿಸಬೇಡಿ. ಏಪ್ರಿಲ್ ಹೊತ್ತಿಗೆ ಅರ್ಧ ನೀರಿರುತ್ತದೆ, ಆ ಹರವಿಗೆ ಲೆಕ್ಕ ಹಾಕಿ. ನೂರರಲ್ಲಿ 40 ಕಾಟ್ಲಾ, 30 ರೋಹು, 30 ಮೃಗಾಲ ಸಾಮಾನ್ಯ ಹಂಚಿಕೆ. ನೆರೆ ತಳಕ್ಕೆ ಹೊಸ ರೇವೆ, ಕೊಳೆತ ಸೊಪ್ಪು ತಂದು ಹಾಸಿದ್ದರೆ ಮೃಗಾಲ ಸ್ವಲ್ಪ ಹೆಚ್ಚಿಸಿ, ಅದು ತಳದಲ್ಲೇ ಮೇಯುವ ಮೀನು.

ಮರಿ 80ರಿಂದ 100 ಮಿಲಿಮೀಟರ್ ಉದ್ದ ಇರಲೇಬೇಕು. ಇಂಚುದ್ದದ ಮರಿ ಅಗ್ಗ, ಆದರೆ ಬಾಳೆಮೀನು, ಕೊರಮೀನಿರುವ ನೀರಿನಲ್ಲಿ ಅದು ಅವುಗಳ ಊಟ. ಸಣ್ಣದೇ ಸಿಕ್ಕರೆ ಎರಡು ತಿಂಗಳು ಹಾಪಾದಲ್ಲೋ (ನೀರಲ್ಲಿ ಕಟ್ಟುವ ಬಲೆಬಟ್ಟೆಯ ತೊಟ್ಟಿ) ಮರಿಹೊಂಡದಲ್ಲೋ ಬೆಳೆಸಿ ಬಿಡಿ. ಕೊಳ್ಳುವಾಗ ಒಂದು ಬೋಗುಣಿಯಲ್ಲಿ ಐವತ್ತು ಮರಿ ಹಾಕಿ ನೀರನ್ನು ಕೈಯಿಂದ ಗರಗರ ತಿರುಗಿಸಿ. ಆರೋಗ್ಯದ ಮರಿ ಅಂಚಿಗೆ ಬಂದು ಸುಳಿಗೆ ಎದುರಾಗಿ ಈಜುತ್ತದೆ, ಸೋತದ್ದು ನಡುವಿಗೆ ಜಾರುತ್ತದೆ. ಎಣಿಕೆಗೆ ಜರಡಿ ಬಟ್ಟಲಿನಲ್ಲಿ ಮೂರು ಸಲ ಎತ್ತಿ ಮರಿ ಎಣಿಸಿ ಸರಾಸರಿ ಹಿಡಿಯಿರಿ. ಬಟ್ಟಲಲ್ಲಿ ಅರ್ಧ ನೀರಿದ್ದರೆ ಲೆಕ್ಕದಲ್ಲಿ ಮೋಸ ಹೋಗುತ್ತೀರಿ, ನೀರು ಸೋರಿದ ಮೇಲೆ ಎಣಿಸಬೇಕು. ದಂಡೆಗೆ ತಂದ ಚೀಲವನ್ನು 15-20 ನಿಮಿಷ ನೀರ ಮೇಲೆ ತೇಲಬಿಟ್ಟು, ಬಾಯಿ ಬಿಚ್ಚಿ ಸ್ವಲ್ಪ ಸ್ವಲ್ಪ ಕೆರೆಯ ನೀರು ಬೆರೆಸಿ, ಚೀಲ ವಾಲಿಸಿ ಮರಿ ತಾನಾಗಿ ಈಜಿ ಹೋಗಲು ಬಿಡಿ. ತಂಪು ಹೊತ್ತಿನಲ್ಲಿ ಈ ಕೆಲಸ ಆಗಬೇಕು.

ಸಂಘದ ಠರಾವು

ಮರಿ ಬಿಟ್ಟ ಜಾಗದಲ್ಲಿ ಮೂರು ತಿಂಗಳು ಸಣ್ಣ ಕಣ್ಣಿನ ಬಲೆ ಇಲ್ಲ, ಅಲವಿ ಬಲೆಯಂತೂ ಎಂದಿಗೂ ಇಲ್ಲ ಎಂದು ಠರಾವು ಬರೆಯಿರಿ. ದಂಡೆಗೆ ಎಳೆಯುವ ಅಲವಿ, ಬೆರಳುದ್ದದ ಮರಿಯನ್ನೂ ಬಾಚುತ್ತದೆ. ಒಂದು ಎಳೆತಕ್ಕೆ ಸಾವಿರಾರು ಮರಿ ಒಣಮೀನಾಗುತ್ತದೆ. ದೊಡ್ಡ ಬಲೆಯ ಕಣ್ಣನ್ನು ನಿರ್ಧರಿಸಲು ದಾರದ ತುಂಡು ಸಾಕು. ಹಿಡಿಯಬೇಕೆಂದಿರುವ ಗಾತ್ರದ ಮೀನಿನ ಕಿವಿರಿನ ಹಿಂದೆ ಸುತ್ತಳತೆ ತೆಗೆಯಿರಿ. ಎಳೆದು ಅಳೆದ ಕಣ್ಣಿನ ಎರಡರಷ್ಟು ಅದರ ಸುತ್ತು; ಮೀನಿನ ಸುತ್ತಳತೆ ಅದಕ್ಕಿಂತ ತುಸು ಹೆಚ್ಚಿದ್ದರೆ ಸಿಕ್ಕಿಕೊಳ್ಳುತ್ತದೆ. 25 ಸೆಂಟಿಮೀಟರ್ ಸುತ್ತಳತೆಯ ಮೀನಿಗೆ 10 ಸೆಂಟಿಮೀಟರ್ ಕಣ್ಣು ಹೊಂದುತ್ತದೆ, 20 ಸೆಂಟಿಮೀಟರಿಗಿಂತ ಕಡಿಮೆ ಸುತ್ತಳತೆಯ ಮೀನು ತೂರಿಕೊಂಡು ಹೋಗುತ್ತದೆ.

ಠರಾವಿನಲ್ಲಿ ದಂಡದ ಮೊತ್ತ, ಕಾವಲಿನ ಸರದಿ, ಸದಸ್ಯನಲ್ಲದವನು ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಹೆಸರಿನ ಸಮೇತ ಇರಬೇಕು. ಬಲೆ ಬಿಡದ ಮೂರು ತಿಂಗಳು ಒಲೆ ಉರಿಯಬೇಕಲ್ಲ, ಅದಕ್ಕೆ ಸಂಘದ ಉಳಿಕೆ ಹಣದಿಂದ ಕಾವಲಿನವರಿಗೆ ದಿನಗೂಲಿ ಕೊಡಿ, ಆ ಸರದಿಯಲ್ಲಿ ಮೊದಲ ಹೆಸರು ತೆಪ್ಪ ಕಳೆದುಕೊಂಡವರದ್ದಿರಲಿ.