ಹರಕೆ ಹೊರುವ ಮುನ್ನ, ಹೊತ್ತ ಮೇಲೆ

ಹರಕೆ ಹೊರಲೇಬೇಕೆಂಬ ಕಟ್ಟಳೆ ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ಎಲ್ಲೂ ಇಲ್ಲ. ಹೊರದಿದ್ದರೆ ಪಾಪವಲ್ಲ ಎಂದು ಧರ್ಮೋಪದೇಶಕಾಂಡ 23:22 ಬಿಡಿಸಿ ಹೇಳುತ್ತದೆ. ಹೊತ್ತರೆ ತಡಮಾಡದೆ ತೀರಿಸು ಎಂಬ ಮಾತು ಅದರ ಹಿಂದಿನ ವಚನದಲ್ಲೇ ಇದೆ. ಎರಡನ್ನೂ ಒಟ್ಟಿಗೆ ಓದಿಕೊಂಡೇ ಮುಂದುವರಿಯಿರಿ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಹರಕೆ ಎಂದರೆ ದೇವರ ಜೊತೆ ವ್ಯಾಪಾರ ಕುದುರಿಸುವುದಲ್ಲ. ದೇವರು ಅಬ್ರಾಮನಿಗೆ ಮಾತು ಕೊಡುವ ಆದಿಕಾಂಡ 15ನೆಯ ಅಧ್ಯಾಯದಲ್ಲಿ ಕಡಸು, ಆಡು, ಟಗರುಗಳನ್ನು ಸೀಳಿ ಹೋಳುಗಳನ್ನು ಎದುರುಬದುರು ಇಡಲಾಗುತ್ತದೆ. ಒಡಂಬಡಿಕೆ ಮಾಡುವವರು ಅಂಥ ಹೋಳುಗಳ ನಡುವೆ ಹಾದುಹೋಗುವುದು ಅಂದಿನ ರೂಢಿ. ಆದರೆ ಆ ರಾತ್ರಿ ಹಾದುಹೋದದ್ದು ಹೊಗೆಯಾಡುವ ಒಲೆ, ಉರಿಯುವ ದೀವಟಿಗೆ ಮಾತ್ರ. ಅಬ್ರಾಮನಿಗೆ ಗಾಢನಿದ್ರೆ ಹತ್ತಿತ್ತು. ಮಾತಿನ ಭಾರವನ್ನೆಲ್ಲ ದೇವರೊಬ್ಬನೇ ಹೊತ್ತ. ನಾವು ನಂಬದವರಾದರೂ ಆತನು ನಂಬಿಗಸ್ತನಾಗಿಯೇ ಇರುವನು ಎಂದು 2 ತಿಮೊಥೆಯ 2:13 ಹೇಳುವುದೂ ಇದನ್ನೇ. ಹಾಗಾಗಿ ನಿಮ್ಮ ಹರಕೆ ದೊಡ್ಡದಾದಷ್ಟೂ ದೇವರು ಹೆಚ್ಚು ಕೇಳುತ್ತಾನೆಂಬುದಿಲ್ಲ. ಚಿಕ್ಕದನ್ನೇ ಹೊರಿ.

ಸಂಕಟದ ಗಳಿಗೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಬೇಡಿ. ಆಗ ಪ್ರಾರ್ಥನೆ ಸಾಕು. ಒಂದು ರಾತ್ರಿ ಕಳೆಯಲಿ. ಮರುದಿನವೂ ಮನಸ್ಸು ಅಲ್ಲೇ ನಿಂತಿದ್ದರೆ ಕಾಗದದ ಮೇಲೆ ಒಂದೇ ವಾಕ್ಯ ಬರೆಯಿರಿ: ಏನು, ಎಷ್ಟು, ಯಾವ ತಾರೀಖಿನೊಳಗೆ. ‘ಇನ್ನು ಮುಂದೆ ಚೆನ್ನಾಗಿ ಪ್ರಾರ್ಥಿಸುತ್ತೇನೆ’ ಎಂಬುದು ತೀರುವ ಹರಕೆಯಲ್ಲ, ಎಲ್ಲಿ ತೀರಿತೆಂದು ಗೊತ್ತೇ ಆಗುವುದಿಲ್ಲ. ‘ಈಸ್ಟರ್‌ವರೆಗೆ ಪ್ರತಿ ಶುಕ್ರವಾರ ಒಂದು ಹೊತ್ತು ಉಪವಾಸ, ಉಳಿದ 60 ರೂಪಾಯಿ ಹಸಿದವರಿಗೆ’ ಎಂಬುದು ತೀರುತ್ತದೆ. ಅಳತೆಯಿಲ್ಲದ ಮಾತು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಸತ್ಯವೇದದ ಸೇನಾನಾಯಕ ಯೆಪ್ತಾಹನಿದ್ದಾನೆ. ಯುದ್ಧ ಗೆದ್ದು ಬಂದರೆ ಮನೆಬಾಗಿಲಿಂದ ಮೊದಲು ಎದುರುಬಂದದ್ದನ್ನು ಅರ್ಪಿಸುತ್ತೇನೆಂದ. ದಮ್ಮಡಿ ಬಡಿಯುತ್ತಾ ಬಂದವಳು ಒಬ್ಬಳೇ ಮಗಳು.

ಬರೆದದ್ದನ್ನು ಮೂರು ಸಲ ತಿರುಗಿಸಿ ನೋಡಿ.

ಅದು ನಿಮ್ಮದೇ ಹೆಗಲ ಮೇಲಿದೆಯೇ? ‘ಗುಣವಾದರೆ ಮಗ ವೇಳಾಂಗಣ್ಣಿಗೆ ನಡೆದು ಬರುತ್ತಾನೆ’ ಎಂದು ತಾಯಿ ಹೊರುವುದು ನಮ್ಮಲ್ಲಿ ಸಾಮಾನ್ಯ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1193ನೆಯ ನಿಯಮದಂತೆ ಹರಕೆ ಕಟ್ಟಿಹಾಕುವುದು ಹೊತ್ತವರನ್ನು ಮಾತ್ರ. ಮಗ ಬರದಿದ್ದರೆ ಅವನ ತಪ್ಪಿಲ್ಲ.

ಬೇರೆಯವರ ಪಾಲು ಅದರಲ್ಲಿ ಸೇರಿದೆಯೇ? ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ದೇವರಿಗೆ ಮೀಸಲು, ಎಂದು ತಪ್ಪಿಸುವವರನ್ನು ಯೇಸು ಗದರಿಸಿದ್ದು ಮಾರ್ಕ 7ರಲ್ಲಿದೆ. ಮನೆ ಖರ್ಚು, ಮಕ್ಕಳ ಫೀಸು, ಸಾಲದ ಕಂತು ಕಳೆದು ಉಳಿದದ್ದರಲ್ಲೇ ಹರಕೆ. ಸಂಗಾತಿಯ ಒಪ್ಪಿಗೆ ಮೊದಲೇ ಪಡೆಯಿರಿ. ಮುರಿಯುವ ಹರಕೆಗಳಲ್ಲಿ ಎಷ್ಟೋ ಮುರಿಯುವುದು ಇಲ್ಲಿಯೇ.

ಹೆದರಿಕೆಯಿಂದ ಹೊರುತ್ತಿದ್ದೀರಾ? ಅನ್ಯಾಯವಾಗಿ ಬೆದರಿಸಿ ಹೊರಿಸಿದ ಹರಕೆ ಆ ಸಂಹಿತೆಯ ಪ್ರಕಾರ ಹರಕೆಯೇ ಅಲ್ಲ.

ಹೊತ್ತ ಮೇಲೆ ಒಬ್ಬರಿಗೆ ಹೇಳಿಡಿ, ಹತ್ತು ಮಂದಿಗಲ್ಲ. ಹಣದ ಹರಕೆಯಾದರೆ ಸಂಬಳ ಬಂದ ದಿನವೇ ಬೇರೆ ಲಕೋಟೆಗೆ ಹಾಕಿ. 6,000 ರೂಪಾಯಿಯನ್ನು ಆರು ತಿಂಗಳಲ್ಲಿ ತೀರಿಸಬೇಕಿದ್ದರೆ ತಿಂಗಳಿಗೆ 1,000. ಕೊನೆಯ ವಾರಕ್ಕೆ ಬಿಟ್ಟರೆ ಲಕೋಟೆ ಖಾಲಿಯೇ ಇರುತ್ತದೆ. ಕಡಿಮೆ ಕೊಟ್ಟರೆ ಕಡಿಮೆ ಎಂದೇ ಹೇಳಿ. ಆದಿಸಭೆಯ ಅನನೀಯ ಹೊಲ ಮಾರಿದ ಹಣದಲ್ಲಿ ಒಂದು ಪಾಲು ಇಟ್ಟುಕೊಂಡು, ಪೂರ್ತಿ ತಂದೆನೆಂಬಂತೆ ಉಳಿದದ್ದನ್ನು ಅಪೊಸ್ತಲರ ಮುಂದಿಟ್ಟ. ಅವನು ಕೆಟ್ಟದ್ದು ಹಣ ಉಳಿಸಿಕೊಂಡಿದ್ದಕ್ಕಲ್ಲ, ಹೊಲ ನಿನ್ನದೇ ಆಗಿತ್ತಲ್ಲ ಎಂದು ಪೇತ್ರನೇ ಅಂದ. ಪೂರ್ತಿ ಕೊಟ್ಟೆನೆಂಬ ಸುಳ್ಳಿಗೆ ಕೆಟ್ಟ.

ತೀರಿಸಲಾಗದೆ ಹೋದರೆ? ಕಾಲು ಮುರಿದವರಿಗೆ ಪಾದಯಾತ್ರೆ ಆಗದು, ಕೆಲಸ ಹೋದವರಿಗೆ ಹಣ ಹೊಂದದು. ಸುಮ್ಮನೆ ಬಚ್ಚಿಟ್ಟುಕೊಂಡು ಕೂರಬೇಡಿ. ಪೂಜೆಗೇ ಹೋಗದೆ ದೂರವಾಗುವುದು ಹೀಗೆಯೇ ಶುರುವಾಗುತ್ತದೆ. ಕಥೋಲಿಕರಾದರೆ, ಖಾಸಗಿ ಹರಕೆಯನ್ನು ಅಷ್ಟೇ ತೂಕದ ಅಥವಾ ಅದಕ್ಕಿಂತ ಮೇಲಾದ ಒಳಿತಿಗೆ ನೀವೇ ಬದಲಿಸಿಕೊಳ್ಳಬಹುದು. ಅದಕ್ಕಿಂತ ಕಡಿಮೆಗೆ ಇಳಿಸಬೇಕಿದ್ದರೆ, ಪೂರ್ತಿ ಬಿಡುಗಡೆ ಬೇಕಿದ್ದರೆ, ನ್ಯಾಯವಾದ ಕಾರಣ ಹೇಳಿ ಧರ್ಮಕೇಂದ್ರದ ಗುರುಗಳನ್ನು ಕೇಳಿ. ಆ ಅಧಿಕಾರ ಅವರಿಗಿದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇಂಥ ಲಿಖಿತ ಕ್ರಮವಿರುವುದು ಕಡಿಮೆ. ಸಭಾಪಾಲಕರೊಂದಿಗೆ ಕೂತು ಪ್ರಾರ್ಥಿಸಿ ಅಳತೆ ಬದಲಿಸಿಕೊಳ್ಳಿ. ಯಾಜಕಕಾಂಡ 27:8ರಲ್ಲಿಯೂ ಬಡವನ ಹರಕೆಯನ್ನು ಯಾಜಕನು ಅವನ ಶಕ್ತಿ ನೋಡಿ ಗೊತ್ತುಮಾಡಬೇಕೆಂದಿದೆ.

ಮನುಷ್ಯರಿಗೆ ಕೊಟ್ಟ ಮಾತಿಗೆ ಮಾತ್ರ ಈ ಸಡಿಲಿಕೆಯನ್ನು ನೀವಾಗಿ ಎಳೆದುಕೊಳ್ಳಬೇಡಿ. ಮಾತು ಪಡೆದವರೇ ಬಿಟ್ಟುಕೊಡಬೇಕು. ನೆರೆಯವರೇ ಆದ ಗಿಬ್ಯೋನಿನವರು ದೂರದೇಶದವರೆಂದು ನಟಿಸಿ, ಕೊಲ್ಲುವುದಿಲ್ಲವೆಂಬ ಪ್ರಮಾಣವನ್ನು ಮೋಸದಿಂದ ಪಡೆದರೆಂದು ಮೂರೇ ದಿನದಲ್ಲಿ ತಿಳಿದರೂ ಇಸ್ರಾಯೇಲರ ನಾಯಕ ಯೆಹೋಶುವ ಅದನ್ನು ಮುರಿಯಲಿಲ್ಲ.

ತೀರಿಸುವ ದಿನ ಅವಸರ ಬೇಡ. ಕಾರ್ಕಳ ಬಳಿಯ ಅತ್ತೂರು ಚರ್ಚಿನ ಜಾತ್ರೆಯಲ್ಲಿ ಮೇಣದಬತ್ತಿ ಹಚ್ಚುವುದಿರಲಿ, ಕಾಣಿಕೆ ತಟ್ಟೆಗೆ ಲಕೋಟೆ ಹಾಕುವುದಿರಲಿ, ಕೇಳಿದ್ದೇನು, ಸಿಕ್ಕಿದ್ದೇನು ಎಂದು ಮೊದಲು ಬಾಯಿಬಿಟ್ಟು ಹೇಳಿ. ಮಗು ಬೇಡಿ ಹರಕೆ ಹೊತ್ತಿದ್ದ ಹನ್ನಳು ಮಗ ಸಮುವೇಲನನ್ನು ಯಾಜಕ ಏಲಿಯ ಮುಂದೆ ನಿಲ್ಲಿಸಿ ಮೊದಲು ಹೇಳಿದ್ದು ಇದನ್ನೇ: ಇಲ್ಲಿ ನಿಂತು ಪ್ರಾರ್ಥಿಸಿದವಳು ನಾನೇ, ಈ ಮಗುವಿಗಾಗಿಯೇ ಬೇಡಿದೆ, ಯೆಹೋವನು ಕೊಟ್ಟನು.