ಅಮೆರಿಕದ ಹಳೇ ಹಕ್ಕುಪತ್ರಗಳಲ್ಲಿ ಮುತ್ತಜ್ಜನನ್ನು ಹುಡುಕುವುದು ಹೇಗೆ?

ಸೊಸೆಯೋ ಅಳಿಯನೋ ಅಮೆರಿಕದವರು, ಮೊಮ್ಮಕ್ಕಳಿಗಾಗಿ ಆ ಕಡೆಯ ವಂಶಾವಳಿಯನ್ನೂ ಬರೆದಿಡಬೇಕು ಅಂತಿದ್ದೀರಾ? ಅಲ್ಲಿನ ಸರ್ಕಾರ ಜನರಿಗೆ ಕೊಟ್ಟ ಜಮೀನಿನ ಹಕ್ಕುಪತ್ರಗಳನ್ನು ಕೂತಲ್ಲೇ ಪುಕ್ಕಟೆ ನೋಡಬಹುದು. ಸರ್ಕಾರಿ ಜಮೀನು ನೋಡಿಕೊಳ್ಳುವ ಅಲ್ಲಿನ ಇಲಾಖೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನಡೆಸುವ 'ಜನರಲ್ ಲ್ಯಾಂಡ್ ಆಫೀಸ್ ರೆಕಾರ್ಡ್ಸ್' ತಾಣದಲ್ಲಿ ಇಂಥ ಲಕ್ಷಾಂತರ ದಾಖಲೆಗಳಿವೆ.

ಮೊದಲು ರಾಜ್ಯ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಕೇಂದ್ರ ಸರ್ಕಾರ ಜಮೀನು ಹಂಚಿದ್ದು 30 ರಾಜ್ಯಗಳಲ್ಲಿ ಮಾತ್ರ. ಹಳೇ 13 ವಸಾಹತುಗಳು, ಕೆಂಟಕಿ, ಟೆನೆಸ್ಸೀ, ಟೆಕ್ಸಾಸ್ ಮುಂತಾದವು ಆ ಲೆಕ್ಕದಲ್ಲಿಲ್ಲ. ಅಲ್ಲಿನ ದಾಖಲೆ ಬೇಕಾದರೆ ಆಯಾ ರಾಜ್ಯದ ದಫ್ತರಕ್ಕೇ ಹೋಗಬೇಕು.

ಹುಡುಕುವಾಗ ರಾಜ್ಯ ಮತ್ತು ಮನೆತನದ ಹೆಸರು ಸಾಕು. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಜರ್ಮನ್ 'ಶ್ಮಿಟ್' ಇಲ್ಲಿ 'ಸ್ಮಿತ್' ಆಗಿರಬಹುದು.

ಪತ್ರ ಸಿಕ್ಕಿತು ಅನ್ನಿ. ಕೆಳಗೆ ಅಧ್ಯಕ್ಷರ ಹೆಸರು ನೋಡಿ ಜಾಸ್ತಿ ಹಿಗ್ಗಬೇಡಿ. 1833ರಿಂದೀಚೆಗೆ ಅವರ ಪರವಾಗಿ ಕಾರ್ಯದರ್ಶಿಗಳೇ ಸಹಿ ಹಾಕುತ್ತಿದ್ದರು. ನೋಡಬೇಕಾದದ್ದು ಚಕ್ಕುಬಂದಿ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. 'ಸೆಕ್ಷನ್ 12ರ ವಾಯವ್ಯ ಕಾಲು' ಅಂದರೆ ಅದರ ನಾಲ್ಕನೇ ಒಂದು ಭಾಗ, 160 ಎಕರೆ. ಅದರೊಳಗೆ ಮತ್ತೆ ಕಾಲು ಅಂದರೆ 40 ಎಕರೆ.

ಆಮೇಲೆ ಯಾವ ಕಾಯ್ದೆಯಡಿ ಕೊಟ್ಟದ್ದು ನೋಡಿ. 1820ರ ಕಾಯ್ದೆಯಾದರೆ ದುಡ್ಡು ಕೊಟ್ಟು ಕೊಂಡದ್ದು, ಅದರ ಕಡತದಲ್ಲಿ ರಸೀದಿ ಬಿಟ್ಟು ಹೆಚ್ಚೇನೂ ಇರುವುದಿಲ್ಲ. ಸೈನಿಕರಿಗೆ ಕೊಟ್ಟ ವಾರಂಟ್, ಅಂದರೆ ಸೇವೆಗೆ ಪ್ರತಿಯಾಗಿ ಜಮೀನು ಪಡೆಯುವ ಚೀಟಿ, ಆದರೆ ಎಚ್ಚರ. ಎಷ್ಟೋ ಸೈನಿಕರು ಅದನ್ನು ಮಾರಿಬಿಟ್ಟರು. ಹಾಗಾಗಿ ಪತ್ರದಲ್ಲಿ ಎರಡು ಹೆಸರಿದ್ದರೆ ಇಬ್ಬರೂ ನೆಂಟರೇ ಆಗಿರಬೇಕಿಲ್ಲ.

1862ರ ಹೋಮ್‌ಸ್ಟೆಡ್ ಕಾಯ್ದೆ ಅಂತಿದ್ದರೆ ಮಾತ್ರ ನಿಮ್ಮ ಅದೃಷ್ಟ. ಆಗ ಜಮೀನು ಬೇಕಾದವರು ಸಾಮಾನ್ಯವಾಗಿ ಐದು ವರ್ಷ ಅಲ್ಲೇ ನೆಲೆಸಿ ಉಳಬೇಕಿತ್ತು. ಪತ್ರ 1884ರದ್ದಾದರೆ ಆ ಕುಟುಂಬ 1879ರ ಹೊತ್ತಿಗೇ ಅಲ್ಲಿತ್ತು ಅಂತ ಅಂದಾಜು ಮಾಡಬಹುದು. ಒಂಟಿ ಹೆಂಗಸರು, ವಿಧವೆಯರು ಕೂಡ ಅರ್ಜಿ ಹಾಕಬಹುದಿತ್ತು, ಗಂಡಸರ ಹೆಸರಷ್ಟೇ ಹುಡುಕಬೇಡಿ.

ಅಸಲಿ ಸರಕು ಇರುವುದು ಮಂಜೂರಾತಿ ಕಡತದಲ್ಲಿ. ಅದು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ರಾಜ್ಯ, ಲ್ಯಾಂಡ್ ಆಫೀಸ್, ಪತ್ರದ ನಂಬರ್ ಕೊಟ್ಟು, ಶುಲ್ಕ ಕಟ್ಟಿ ಪ್ರತಿ ತರಿಸಬಹುದು. ಮನೆ ಎಷ್ಟು ಅಡಿ, ಬಾವಿ ತೋಡಿದ್ದಾರಾ, ಎಷ್ಟು ಎಕರೆ ಉತ್ತಿದ್ದಾರೆ, ಮನೆಯಲ್ಲಿ ಎಷ್ಟು ಜನ ಎಂಬ ವಿವರವೆಲ್ಲ ಅಲ್ಲಿರುತ್ತದೆ. ಹೊರದೇಶದಿಂದ ಬಂದವರಾದರೆ ಪೌರತ್ವದ ಕಾಗದವೂ ಸಿಗುತ್ತದೆ. ಜೊತೆಗೆ ಇಬ್ಬರು ಸಾಕ್ಷಿಗಳ ಹೇಳಿಕೆ. ಇವರನ್ನು ಸುಮ್ನೆ ಬಿಡಬೇಡಿ! ಪಕ್ಕದ ಜಮೀನಿನವರು ಎಷ್ಟೋ ಸಲ ಭಾವಮೈದುನನೋ ಷಡ್ಡಕನೋ ಆಗಿರುತ್ತಾರೆ. ಅದೇ ಸೆಕ್ಷನ್‌ನ ಉಳಿದ ಪತ್ರಗಳನ್ನೂ ತೆರೆದು ಹೆಸರು ತಾಳೆ ನೋಡಿ.

ಹೆಸರೇ ಸಿಗಲಿಲ್ಲವಾ? ಬರ, ಸಾಲ ಅಂತ ನಡುವೆಯೇ ಬಿಟ್ಟು ಹೋದವರಿಗೆ ಹಕ್ಕುಪತ್ರವೇ ಆಗಿರುವುದಿಲ್ಲ. ಅಂಥವರ ಅರ್ಜಿಯ ವಿವರ ಟ್ರ್ಯಾಕ್ಟ್ ಬುಕ್‌ಗಳಲ್ಲಿ, ಅಂದರೆ ಯಾವ ತುಂಡು ಜಮೀನಿಗೆ ಯಾರು ಅರ್ಜಿ ಹಾಕಿದರು ಅಂತ ಬರೆದಿಟ್ಟ ಪುಸ್ತಕಗಳಲ್ಲಿ, ಇರುತ್ತದೆ. ಬಹುಪಾಲು ರಾಜ್ಯಗಳ ಪುಸ್ತಕಗಳನ್ನು ಫ್ಯಾಮಿಲಿಸರ್ಚ್ ತಾಣದಲ್ಲಿ ನೋಡಬಹುದು, ಆದರೆ ಅಲ್ಲಿ ಹೆಸರಿನಿಂದಲ್ಲ, ಚಕ್ಕುಬಂದಿ ಹಿಡಿದು ಪುಟ ತಿರುವಬೇಕು.

ಆ ಜಮೀನು ಮುಂದೆ ಯಾರ ಕೈ ಸೇರಿತು ಎಂಬುದು ಮಾತ್ರ ಆಯಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕ್ರಯಪತ್ರಗಳಲ್ಲೇ ಸಿಗಬೇಕು. ಮಾರುವಾಗ ಹೆಂಡತಿಯ ಸಹಿಯನ್ನೂ ಹಾಕಿಸುವುದು ವಾಡಿಕೆಯಾಗಿತ್ತು. ಹಕ್ಕುಪತ್ರದಲ್ಲಿ ಕಾಣದ ಮುತ್ತಜ್ಜಿಯ ಹೆಸರು ಹೆಚ್ಚಾಗಿ ಸಿಗುವುದು ಅಲ್ಲೇ.