ಪರದೆ ಸುಮ್ಮನಿರಲಿ: ಹಿರಿಯರ ಕಂಪ್ಯೂಟರ್‌ಗೆ ಖರ್ಚಿಲ್ಲದ ರಕ್ಷಣೆ

ನನ್ನ ದೊಡ್ಡಮ್ಮ ಕಂಪ್ಯೂಟರ್ ಕಲಿತದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ಇಮೇಲ್ ಓದುವುದು, ಮೊಮ್ಮಕ್ಕಳ ಫೋಟೊ ನೋಡುವುದು, ತಿಂಗಳಿಗೊಮ್ಮೆ ಬ್ಯಾಂಕ್ ಖಾತೆ ಪರಿಶೀಲಿಸುವುದು, ಇಷ್ಟೇ ಅವರ ಬಳಕೆ. ಒಂದು ದಿನ ಫೋನ್ ಮಾಡಿ, "ವೈರಸ್ ಬಂದಿದೆ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದೆ. ಏನನ್ನು ಒತ್ತಲಿ ಹೇಳು" ಎಂದರು. ಹೋಗಿ ನೋಡಿದರೆ ವೈರಸ್ ಒಂದೂ ಇರಲಿಲ್ಲ. ಇದ್ದದ್ದು ಎರಡು ಉಚಿತ ಆ್ಯಂಟಿವೈರಸ್, ಕಂಪ್ಯೂಟರ್‌ನ ವೇಗ ಹೆಚ್ಚಿಸುತ್ತೇನೆ ಎನ್ನುವ ಒಂದು ತಂತ್ರಾಂಶ ಮತ್ತು ಯಾವುದೋ ಜಾಲತಾಣಕ್ಕೆ ಅವರು ಗೊತ್ತಿಲ್ಲದೆ ಕೊಟ್ಟಿದ್ದ ನೋಟಿಫಿಕೇಶನ್ ಅನುಮತಿ. ನಾಲ್ಕೂ ಸರದಿಯ ಮೇಲೆ ಪರದೆಯ ಮೂಲೆಯಲ್ಲಿ ಕೂಗುತ್ತಿದ್ದವು. ಯಾವುದು ಕಾವಲುಗಾರನ ಕೂಗು, ಯಾವುದು ಕಳ್ಳನ ಕೂಗು ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಅಂದಿನಿಂದ ಹಿರಿಯರಿಗಾಗಿ ರಕ್ಷಣಾ ತಂತ್ರಾಂಶ ಆರಿಸುವಾಗ, ಅದು ಎಷ್ಟು ವೈರಸ್ ಹಿಡಿಯುತ್ತದೆ ಎಂದು ನೋಡುವ ಮೊದಲು ಎಷ್ಟು ಮಾತನಾಡುತ್ತದೆ ಎಂದು ನೋಡುತ್ತೇನೆ. ದಿನವೂ ಎಚ್ಚರಿಕೆ, ರಿಯಾಯಿತಿ, ನವೀಕರಣ ಎಂದು ಎದುರಿಗೆ ಬಂದು ನಿಲ್ಲುವ ತಂತ್ರಾಂಶವು ಕೆಂಪು ಚೌಕ ಕಂಡೊಡನೆ ಒತ್ತುವ ಅಭ್ಯಾಸವನ್ನು ಅವರಿಗೆ ಕಲಿಸಿಬಿಡುತ್ತದೆ. ವಂಚಕರು ತೋರಿಸುವುದೂ ಅಂಥದೇ ಕೆಂಪು ಚೌಕವನ್ನು. ಪರದೆಯನ್ನು ಪೂರ್ತಿ ಮೌನವಾಗಿಸಿದಾಗ ಮಾತ್ರ "ಪರದೆ ಕೂಗಿದರೆ ಅದು ಸುಳ್ಳು" ಎಂಬ ಒಂದೇ ಮಾತನ್ನು ಅವರಿಗೆ ಹೇಳಿಕೊಡಬಹುದು. ಕೆಳಗಿನ ಹೆಜ್ಜೆಗಳೆಲ್ಲ ಆ ಮೌನಕ್ಕಾಗಿಯೇ. ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಅವರ ಪಕ್ಕದಲ್ಲೇ ಕುಳಿತು, ಮೌಸ್ ಅವರ ಕೈಯಲ್ಲೇ ಇರುವಂತೆ ನೋಡಿಕೊಂಡು ಮಾಡಿ.

ಮೊದಲು ವಿಂಡೋಸ್‌ನ ವಯಸ್ಸು ನೋಡಿ

'ಸೆಟ್ಟಿಂಗ್ಸ್'ನಲ್ಲಿ 'ಸಿಸ್ಟಮ್', ಅದರೊಳಗೆ 'ಅಬೌಟ್' ತೆರೆದರೆ ಯಾವ ಆವೃತ್ತಿ ಎಂದು ಕಾಣುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ನೋಂದಾಯಿಸಿಕೊಂಡವರಿಗೆ ಭದ್ರತಾ ಅಪ್‌ಡೇಟ್‌ಗಳನ್ನು ಮುಂದುವರಿಸುವ ಏರ್ಪಾಡು ಇದೆಯಾದರೂ ಅದು ತಾತ್ಕಾಲಿಕ. ಯಂತ್ರ ಒಪ್ಪುವುದಾದರೆ ವಿಂಡೋಸ್ 11ಕ್ಕೆ ಉಚಿತವಾಗಿ ಬದಲಿಸಿ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕಾಗಿರುವುದರಿಂದ ಹಳೆಯ ಯಂತ್ರಗಳು ಒಪ್ಪದಿರಬಹುದು. ಬ್ರೌಸರ್ ಬಿಟ್ಟು ಬೇರೇನನ್ನೂ ತೆರೆಯದವರಿಗೆ ಅಂಥ ಯಂತ್ರದಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅಥವಾ ಕ್ರೋಮ್ ಓಎಸ್ ಫ್ಲೆಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಕೊಡಬಹುದು. ಎರಡೂ ಉಚಿತ. ಎರಡನ್ನೂ ಪೆನ್‌ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರ್, ಧ್ವನಿ ಎಲ್ಲವೂ ಸರಿಯಾಗಿವೆಯೇ ಎಂದು ನೋಡಿದ ಮೇಲೆ ಸ್ಥಾಪಿಸಬಹುದು.

ಅಪ್‌ಡೇಟ್ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಂಡಿದ್ದವರು ಪಾರಾದರು. ಆದ್ದರಿಂದ ಅಪ್‌ಡೇಟ್ ತಾನಾಗಿಯೇ ಆಗುವಂತೆ ಬಿಡಿ. ಅವರು ಕಂಪ್ಯೂಟರ್ ಬಳಸುವ ಹೊತ್ತನ್ನು 'ಆ್ಯಕ್ಟಿವ್ ಅವರ್ಸ್'ನಲ್ಲಿ ನಮೂದಿಸಿದರೆ ನಡುವೆ ಮರುಚಾಲನೆಯಾಗಿ ಗಾಬರಿಪಡಿಸುವುದಿಲ್ಲ.

ಆ್ಯಂಟಿವೈರಸ್ ಈಗಾಗಲೇ ಮನೆಯಲ್ಲಿದೆ

ಬಹಳ ಜನ ಎಡವುವುದು ಇಲ್ಲಿಯೇ. ಉಚಿತ ಆ್ಯಂಟಿವೈರಸ್ ಹುಡುಕಿಕೊಂಡು ಹೊರಡುವ ಅಗತ್ಯವೇ ಇಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದಲೂ ಡಿಫೆಂಡರ್ ಎಂಬ ಪೂರ್ಣ ಪ್ರಮಾಣದ ಆ್ಯಂಟಿವೈರಸ್ ವಿಂಡೋಸ್‌ನೊಳಗೇ ಇದೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಸ್ವತಂತ್ರ ಪ್ರಯೋಗಾಲಯಗಳ ಪರೀಕ್ಷೆಗಳಲ್ಲಿ ಅದು ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳ ಸಾಲಿನಲ್ಲೇ ನಿಲ್ಲುತ್ತಿದೆ. ನನಗೆ ಅದಕ್ಕಿಂತ ಮುಖ್ಯವಾದದ್ದು, ಅದು ಏನನ್ನೂ ಮಾರಲು ಬರುವುದಿಲ್ಲ.

ಹೊರಗಿನ ಉಚಿತ ತಂತ್ರಾಂಶಗಳ ಬಗ್ಗೆ ಇನ್ನೊಂದು ಮಾತು. ಅವಾಸ್ಟ್ ಎಂಬ ಹೆಸರಾಂತ ಆ್ಯಂಟಿವೈರಸ್ ಸಂಸ್ಥೆ ಬಳಕೆದಾರರು ಯಾವ ಯಾವ ಪುಟಗಳಿಗೆ ಹೋಗುತ್ತಾರೆ ಎಂಬ ಮಾಹಿತಿಯನ್ನು ಮಾರಿದ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟುವಂತೆ ಆದೇಶಿಸಿತು. ಅಂಥ ಮಾಹಿತಿಯನ್ನು ಜಾಹೀರಾತಿಗಾಗಿ ಮಾರಬಾರದೆಂದೂ ವಿಧಿಸಿತು.

ಹಾಗಾಗಿ ಕೆಲಸ ಶುರುವಾಗುವುದು ತೆಗೆದುಹಾಕುವುದರಿಂದ. 'ಸೆಟ್ಟಿಂಗ್ಸ್'ನ 'ಆ್ಯಪ್ಸ್' ಪಟ್ಟಿ ತೆರೆದು, ಹೊರಗಿನಿಂದ ಬಂದ ಆ್ಯಂಟಿವೈರಸ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಪ್ರತಿ ಸಲವೂ ಕಂಪ್ಯೂಟರನ್ನು ಮರುಚಾಲನೆ ಮಾಡಿ. ಎರಡು ಆ್ಯಂಟಿವೈರಸ್ ಒಟ್ಟಿಗೆ ಇದ್ದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಒಂದು ಇನ್ನೊಂದರ ಮೇಲೆ ಕಣ್ಣಿಟ್ಟು ಯಂತ್ರ ತೆವಳುತ್ತದೆ. ವೇಗ ಹೆಚ್ಚಿಸುವ, ಕಸ ಗುಡಿಸುವ ತಂತ್ರಾಂಶಗಳನ್ನೂ ಕಳುಹಿಸಿಬಿಡಿ. ಹೊರಗಿನ ಆ್ಯಂಟಿವೈರಸ್ ಇರುವಷ್ಟು ಕಾಲ ಹಿಂದೆ ಸರಿದಿರುವ ಡಿಫೆಂಡರ್, ಅದು ಹೋದೊಡನೆ ತಾನಾಗಿ ಎಚ್ಚರಗೊಳ್ಳುತ್ತದೆ. 'ವಿಂಡೋಸ್ ಸೆಕ್ಯುರಿಟಿ' ತೆರೆದು ಹಸಿರು ಗುರುತುಗಳಿವೆಯೇ ನೋಡಿ.

ಅಲ್ಲಿಯೇ 'ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್'ನ ಒಳಗೆ 'ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್' ಇದೆ. ಅದರಲ್ಲಿ ಅನಗತ್ಯ ಆ್ಯಪ್‌ಗಳನ್ನು ತಡೆಯುವ ಆಯ್ಕೆಯನ್ನು ಚಾಲೂ ಮಾಡಿ. ವೈರಸ್ ಅಲ್ಲದಿದ್ದರೂ ಬೇರೊಂದು ತಂತ್ರಾಂಶದ ಬೆನ್ನೇರಿ ಬರುವ ಕಿರಿಕಿರಿಗಳನ್ನು ಇದು ಬಾಗಿಲಲ್ಲೇ ತಡೆಯುತ್ತದೆ. ಅಪರಿಚಿತ ತಂತ್ರಾಂಶಗಳು ಕಡತಗಳನ್ನು ಬದಲಿಸದಂತೆ ಕಾಯುವ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಎಂಬ ಸೌಲಭ್ಯವೂ 'ವಿಂಡೋಸ್ ಸೆಕ್ಯುರಿಟಿ'ಯ ಇನ್ನೊಂದು ವಿಭಾಗದಲ್ಲಿ ಸಿಗುತ್ತದೆ, ಒಳ್ಳೆಯದೇ. ಆದರೆ ಹಿರಿಯರ ಯಂತ್ರದಲ್ಲಿ ನಾನು ಅದನ್ನು ಮುಟ್ಟುವುದಿಲ್ಲ. ಸರಿಯಾದ ತಂತ್ರಾಂಶವನ್ನೂ ಅದು ಆಗಾಗ ತಡೆದು ಸೂಚನೆ ತೋರಿಸುತ್ತದೆ, ಮತ್ತೆ ಅದೇ ಗೊಂದಲ.

ಆ್ಯಪಲ್‌ನ ಮ್ಯಾಕ್ ಬಳಸುವವರಿಗೆ ಎಕ್ಸ್‌ಪ್ರೊಟೆಕ್ಟ್, ಗೇಟ್‌ಕೀಪರ್ ಎಂಬ ಕಾವಲುಗಳು ಒಳಗೇ ಇವೆ. ಅಲ್ಲಿಯೂ ಹೊಸದೇನನ್ನೂ ಸೇರಿಸಬೇಡಿ.

ಕೀಲಿಕೈ ಬೇರೆ ಇರಲಿ

ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಖಾತೆ, ಸಾಮಾನ್ಯ ಖಾತೆ ಎಂದು ಎರಡು ಬಗೆ. ಮೊದಲನೆಯದರಲ್ಲಿ ಏನನ್ನು ಬೇಕಾದರೂ ಸ್ಥಾಪಿಸಬಹುದು. ಹಿರಿಯರು ದಿನವೂ ಬಳಸಬೇಕಾದದ್ದು ಎರಡನೆಯದನ್ನು. ಮೊದಲು ಹೊಸದೊಂದು ಅಡ್ಮಿನಿಸ್ಟ್ರೇಟರ್ ಖಾತೆ ತೆರೆದು ಪಾಸ್‌ವರ್ಡ್ ಹಾಕಿ, ಅದರಿಂದ ಒಳಹೊಕ್ಕು, ಆಮೇಲೆ ಅವರ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಿಸಿ. ಈ ಕ್ರಮ ತಪ್ಪಬೇಡಿ. ಇನ್ನು ಮುಂದೆ ವಿಂಡೋಸ್‌ನ ಆಳಕ್ಕೆ ಇಳಿಯಲು ಯತ್ನಿಸುವ ಯಾವುದೇ ತಂತ್ರಾಂಶ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ.

ಇದನ್ನು ಅವರಿಗೆ ಹೇಳಿ, ಒಪ್ಪಿಗೆ ಪಡೆದೇ ಮಾಡಿ. ಕಂಪ್ಯೂಟರ್ ಅವರದು. ಆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅವರ ಬೀರುವಿನಲ್ಲೇ ಇಡಿ. ಎದ್ದು ಹೋಗಿ ಲಕೋಟೆ ಒಡೆಯುವಷ್ಟು ಹೊತ್ತು ಯೋಚಿಸಲು ಸಿಕ್ಕರೆ ಅದೇ ಸಾಕು.

ಗಲಾಟೆ ಬರುವ ಬಾಗಿಲು ಬ್ರೌಸರ್

ದೊಡ್ಡಮ್ಮನ ಪರದೆಯ ಕೂಗಿನಲ್ಲಿ ಅತಿ ಜೋರಾಗಿದ್ದದ್ದು ಬ್ರೌಸರ್‌ನ ನೋಟಿಫಿಕೇಶನ್. ಯಾವುದೋ ಪುಟ "ಮುಂದುವರಿಯಲು ಅನುಮತಿಸಿ" ಎಂದಿರುತ್ತದೆ, ಒತ್ತಿರುತ್ತಾರೆ, ಅಂದಿನಿಂದ ಆ ತಾಣ ಕಂಪ್ಯೂಟರ್‌ನ ಸ್ವಂತ ಎಚ್ಚರಿಕೆಯಂತೆ ವೇಷ ಹಾಕಿ ಬರುತ್ತಿರುತ್ತದೆ. ಬ್ರೌಸರ್‌ನ ಸೆಟ್ಟಿಂಗ್‌ಗಳಲ್ಲಿ ತಾಣಗಳ ಅನುಮತಿ ಎಂಬ ವಿಭಾಗಕ್ಕೆ ಹೋಗಿ, ನೋಟಿಫಿಕೇಶನ್ ಪಟ್ಟಿಯಲ್ಲಿರುವ ಎಲ್ಲವನ್ನೂ ಅಳಿಸಿ, ಇನ್ನು ಮುಂದೆ ಯಾವ ತಾಣವೂ ಕೇಳದಂತೆ ಮಾಡಿ. ಎರಡು ನಿಮಿಷದ ಕೆಲಸ. ಈ ಲೇಖನದಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನು ಮಾಡಿ.

ಮುಂದೆ ಜಾಹೀರಾತು. ಹುಡುಕಾಟದ ಫಲಿತಾಂಶಗಳ ಮೇಲ್ತುದಿಯಲ್ಲಿ ಬ್ಯಾಂಕಿನ ಹೆಸರಿನ ನಕಲಿ ಕೊಂಡಿಗಳು ಜಾಹೀರಾತಿನ ರೂಪದಲ್ಲಿ ಬರುವುದುಂಟು. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಎಂಬ ಉಚಿತ ವಿಸ್ತರಣೆ ಹಾಕಿ. ಕ್ರೋಮ್‌ನಲ್ಲಿ ಈಗ ಅದರ 'ಲೈಟ್' ಆವೃತ್ತಿ ನಡೆಯುತ್ತದೆ. ಹೋಲುವ ಹೆಸರಿನವು ಬೇರೆಯೂ ಇವೆ, ಹೆಸರನ್ನು ಪೂರ್ತಿ ಓದಿ. ಬ್ಯಾಂಕ್, ಇಮೇಲ್ ಮುಂತಾಗಿ ಅವರು ನಿತ್ಯ ಹೋಗುವ ಐದಾರು ತಾಣಗಳನ್ನು ಬುಕ್‌ಮಾರ್ಕ್ ಪಟ್ಟಿಯಲ್ಲಿ ದೊಡ್ಡದಾಗಿ ಕಾಣುವಂತೆ ಇಟ್ಟುಕೊಡಿ. ಹುಡುಕುವ ಪ್ರಮೇಯವೇ ಬರಬಾರದು.

ಪಾಸ್‌ವರ್ಡ್‌ಗಳಿಗೆ ಒಂದು ನೋಟುಪುಸ್ತಕ ಸಾಕು. ಬರೆದಿಡಬಾರದು ಎಂಬ ಹಳೆಯ ಮಾತು ಕಚೇರಿಯ ಮೇಜಿಗೆ ಸರಿ. ಮನೆಯ ಕಪಾಟಿನೊಳಗಿನ ಪುಸ್ತಕವನ್ನು ದೂರದ ವಂಚಕ ಓದಲಾರ. ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಬೇಡ, ಅಷ್ಟೇ. ಇಮೇಲ್‌ನ ಪಾಸ್‌ವರ್ಡ್ ಎಲ್ಲಕ್ಕಿಂತ ಗಟ್ಟಿಯಾಗಿರಲಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಅದಕ್ಕೆ ಎರಡು ಹಂತದ ಪರಿಶೀಲನೆಯನ್ನೂ ಸೇರಿಸಿ.

ಕೂಗುವ ಪುಟದ ತಾಲೀಮು

ಇಷ್ಟಾದರೂ ಒಮ್ಮೆ ಅಂಥ ಪುಟ ಬಂದೇ ಬರಬಹುದು. ಪರದೆಯ ತುಂಬ ಎಚ್ಚರಿಕೆ, ಸೈರನ್ ಸದ್ದು, ಕೆಳಗೆ ಒಂದು ಫೋನ್ ನಂಬರ್. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಬಾಯಲ್ಲಿ ಹೇಳಿದರೆ ಆ ಗಾಬರಿಯಲ್ಲಿ ನೆನಪಾಗುವುದಿಲ್ಲ, ಕೈಗೆ ಅಭ್ಯಾಸವಾಗಬೇಕು. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯುವುದು, ಆಮೇಲೆ ಆಲ್ಟ್ ಮತ್ತು ಎಫ್4 ಒಟ್ಟಿಗೆ. ಅದೂ ಆಗದಿದ್ದರೆ ಪವರ್ ಗುಂಡಿಯನ್ನು ಯಂತ್ರ ಆರುವವರೆಗೆ ಹಿಡಿಯುವುದು. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನುವುದು. ನಾವಿಬ್ಬರೂ ಒಂದು ಪುಟವನ್ನು ಪರದೆ ತುಂಬ ಹಿಗ್ಗಿಸಿ ಇದನ್ನು ಮೂರು ಸಲ ಮಾಡಿದೆವು. ನಾಲ್ಕನೆಯ ಸಲ ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಮಾಡಿದರು.

ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ದೂರದಿಂದ ನಿಯಂತ್ರಿಸುವ ತಂತ್ರಾಂಶಗಳಿದ್ದರೆ ತೆಗೆಯಿರಿ. ಅವು ಕೆಟ್ಟವಲ್ಲ, ಆದರೆ ವಂಚಕರು ಮೊದಲು ಹಾಕಿಸುವುದು ಅವನ್ನೇ. ನೀವು ದೂರದಿಂದ ನೆರವಾಗಲು ವಿಂಡೋಸ್‌ನ 'ಕ್ವಿಕ್ ಅಸಿಸ್ಟ್' ಸಾಕು. ನೀವು ಕೊಟ್ಟ ಸಂಕೇತವನ್ನು ಅವರು ಟೈಪ್ ಮಾಡಿದರೆ ಪರದೆ ನಿಮಗೆ ಕಾಣುತ್ತದೆ. ಅದನ್ನೂ ವಂಚಕರು ಬಳಸುತ್ತಾರೆ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುಪಾಡಿದೆ: ಕರೆ ಯಾವಾಗಲೂ ದೊಡ್ಡಮ್ಮನಿಂದ ನನಗೆ. ನನ್ನ ದನಿಯಲ್ಲೇ ಯಾರಾದರೂ ಸಂಕೇತ ಹೇಳಿದರೂ ಫೋನ್ ಇಟ್ಟು, ಪುಸ್ತಕದಲ್ಲಿ ಬರೆದ ನಂಬರಿಗೆ ಅವರೇ ಮತ್ತೆ ಕರೆ ಮಾಡಬೇಕು.

ಏನಾದರೂ ಒತ್ತಿಬಿಟ್ಟಿದ್ದೇನೆ ಎಂದು ಅವರು ಹೇಳಿದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಬೈಗುಳವಾಗದಿರಲಿ. ಒಮ್ಮೆ ಗದರಿಸಿದರೆ ಮುಂದಿನ ಸಲ ಹೇಳುವುದಿಲ್ಲ. ಹಣ ಹೋದಾಗ ಬ್ಯಾಂಕಿಗೆ ಎಷ್ಟು ಬೇಗ ತಿಳಿಸಿದರೆ ಮರಳಿ ಸಿಗುವ ಸಾಧ್ಯತೆ ಅಷ್ಟು ಹೆಚ್ಚು. ಮುಜುಗರದಲ್ಲಿ ಕಳೆದ ಒಂದೊಂದು ಗಂಟೆಯೂ ವಂಚಕನಿಗೇ ಲಾಭ.

ಹೊರಡುವ ಮೊದಲು

ಫೋಟೊಗಳನ್ನೂ ಕಾಗದಪತ್ರಗಳನ್ನೂ ಹೊರಗಿನ ಡ್ರೈವ್‌ಗೆ ನಕಲು ಮಾಡಿ, ಕೇಬಲ್ ಕಿತ್ತು ಇಡಿ. ಜೋಡಿಸಿಯೇ ಬಿಟ್ಟರೆ ಕಡತಗಳಿಗೆ ಬೀಗ ಹಾಕುವ ಕುತಂತ್ರಾಂಶ ಅದನ್ನೂ ಬಿಡುವುದಿಲ್ಲ. ಮುಂದಿನ ಭೇಟಿಯಲ್ಲಿ ಮೂರನ್ನು ನೋಡಿ: ವಿಂಡೋಸ್ ಸೆಕ್ಯುರಿಟಿಯ ಹಸಿರು ಗುರುತು, ಬ್ರೌಸರ್‌ನ ಖಾಲಿ ನೋಟಿಫಿಕೇಶನ್ ಪಟ್ಟಿ, ಮತ್ತು ಡ್ರೈವ್‌ನಲ್ಲಿರುವ ಒಂದು ಹಳೆಯ ಫೋಟೊ. ಆ ಫೋಟೊವನ್ನು ಅವರಿಂದಲೇ ತೆರೆಸಿ ನೋಡಿ, ಆಮೇಲೆ ಹೊಸ ಫೋಟೊಗಳನ್ನು ಸೇರಿಸಿ.